ಊರು ಮುಟ್ಟಿದ ಗಾಡಿ

ಮಕ್ಕಳೇ, ನಮ್ಮ ಮಹಾಲಿಂಗಪುರದ ಸುತ್ತಲಿನ ಜಾತ್ರೆಗಳಲ್ಲಿ ಎರಡು ಬಗೆಯ ಪಂದ್ಯ ನೀವು ನೋಡಿರುತ್ತೀರಿ. ಒಂದು ಶರ್ಯತ್ತು. ಇಲ್ಲಿಂದ ಅಲ್ಲಿಗೆ ಇಷ್ಟು ದೂರ ಅಂತ ಮೊದಲೇ ಗೊತ್ತು ಮಾಡಿರುತ್ತಾರೆ. ಯಾರ ಗಾಡಿ ಮೊದಲು ಮುಟ್ಟುತ್ತದೋ ಅವರದು ಗೆಲುವು. ಇನ್ನೊಂದು ತೆರಬಂಡಿ. ಗಾಲಿ ತಿರುಗದ ಹಾಗೆ ಬಿಗಿದು ಕಟ್ಟಿದ ಭಾರದ ಬಂಡಿ ಅದು. ಅಲ್ಲಿ ದೂರದ ಬದಲು ಹೊತ್ತು ಗೊತ್ತು ಮಾಡಿರುತ್ತಾರೆ. ಅಷ್ಟು ನಿಮಿಷದಲ್ಲಿ ಜೋಡೆತ್ತು ಎಷ್ಟು ಅಡಿ ಎಳೆದವು ಅನ್ನುವುದೇ ಲೆಕ್ಕ. ಶರ್ಯತ್ತು ಎದ್ದ ಧೂಳು ಇಳಿಯುವುದರೊಳಗೆ ಮುಗಿದುಹೋಗಿರುತ್ತದೆ. ತೆರಬಂಡಿಯಲ್ಲಿ ಹಾಗಲ್ಲ. ಎತ್ತಿನ ಕೊರಳು, ಊರಿದ ಕಾಲು, ಹೊಡೆಯುವವನ ದನಿ ಎಲ್ಲವನ್ನೂ ನಿಂತು ನೋಡಬಹುದು. ಅಜ್ಜಂದಿರು ತೆರಬಂಡಿಯ ಹತ್ತಿರವೇ ಹೆಚ್ಚು ಹೊತ್ತು ನಿಲ್ಲುವುದನ್ನು ಗಮನಿಸಿದ್ದೀರಾ?

ಈ ವಾರ ನಾನು ಹೇಳಬೇಕೆಂದಿರುವುದು ಕಾರಿನ ಮಾತು. ನಮ್ಮ ಓಣಿಯ ಹುಡುಗನೊಬ್ಬ ಮೊನ್ನೆ ಕೇಳಿದ: “ಯಜ್ಜಾ, ಟಿವಿಯೊಳಗ ಹಳೇ ಕಾರಿನ ರೇಸ್ ತೋರಸಾಕತ್ತಿದ್ರು. ಅವು ನಮ್ಮಪ್ಪನ ಕಾರಿನಷ್ಟೂ ಓಡೂದಿಲ್ಲ. ಮತ್ತ ಮಂದಿ ಯಾಕ ಅಷ್ಟು ಮುಗಿಬಿದ್ದು ನೋಡ್ತಾರ?” ಪ್ರಶ್ನೆ ಚೆನ್ನಾಗಿದೆ. ಓಟದ ಕಾರನ್ನು ಓಟಕ್ಕಾಗಿಯೇ ಮೆಚ್ಚುವುದಾದರೆ, ಅದಕ್ಕಿಂತ ಜೋರಾಗಿ ಓಡುವ ಕಾರು ಬಂದ ದಿನವೇ ಹಳೆಯದನ್ನು ಮರೆತುಬಿಡಬೇಕಿತ್ತು. ಎಷ್ಟೋ ಕಾರುಗಳನ್ನು ಮರೆತಿದ್ದಾರೆ ಕೂಡ. ಆದರೆ ಒಂದು ಜಾತಿಯ ಹಳೇ ಕಾರುಗಳನ್ನು ಮಾತ್ರ ನೂರು ವರ್ಷವಾದರೂ ಜನ ಮರೆತಿಲ್ಲ. ಅವು ತೆರಬಂಡಿಯ ಜಾತಿಯವು: ತಾಳಿಕೆಯ ಪಂದ್ಯದ ಕಾರುಗಳು.

ಫ್ರಾನ್ಸ್ ದೇಶದಲ್ಲಿ ಲೆ ಮಾನ್ ಅನ್ನುವ ಊರಿದೆ. ಅಲ್ಲಿ 1923ರ ಮೇ 26ರಂದು ಒಂದು ಹೊಸ ಪಂದ್ಯ ಶುರುವಾಯಿತು. ಮಧ್ಯಾಹ್ನ ನಾಲ್ಕಕ್ಕೆ ಹೊರಟರೆ ಮಾರನೆಯ ದಿನ ನಾಲ್ಕಕ್ಕೇ ನಿಲ್ಲುವುದು. ಪೂರಾ 24 ತಾಸು. ಒಂದು ಕಾರಿಗೆ ಇಬ್ಬರು ಚಾಲಕರು, ಒಬ್ಬರಾದ ಮೇಲೆ ಒಬ್ಬರು ಓಡಿಸಬೇಕು. ತಾಸು ಮುಗಿದಾಗ ಯಾರು ಹೆಚ್ಚು ದೂರ ಹೋಗಿದ್ದಾರೋ ಅವರು ಮುಂದು. ನೋಡಿ, ಥೇಟ್ ತೆರಬಂಡಿಯ ಲೆಕ್ಕ! ಓಡುವ ದಾರಿಯೂ ಮೈದಾನವಲ್ಲ, ಊರ ಹೊರಗಿನ ಸಾಮಾನ್ಯ ರಸ್ತೆಗಳನ್ನೇ ಕೂಡಿಸಿ ಮಾಡಿದ ಒಂದು ಸುತ್ತು. ಸುತ್ತು 17 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಇಲ್ಲಿಂದ ಮುಧೋಳದ ದಾರಿ ಹಿಡಿದರೆ ಮುಧೋಳ ಮುಟ್ಟುವ ಸ್ವಲ್ಪ ಮೊದಲೇ ಮುಗಿಯುವಷ್ಟು ದೂರ. ಆಗ ಅದಕ್ಕೆ ಡಾಂಬರು ಇರಲಿಲ್ಲ. ಬರೀ ಕಲ್ಲು, ಖಡಿ, ಮಣ್ಣು.

ರಾತ್ರಿಯನ್ನು ಯಾಕೆ ಸೇರಿಸಿದರು? ಆಗಿನ ಕಾರುಗಳ ದೊಡ್ಡ ತೊಂದರೆ ದೀಪದ್ದಾಗಿತ್ತು. ಕತ್ತಲಾದ ಮೇಲೆ ಕಾರಿನ ದೀಪವನ್ನು ನಂಬಿ ದೂರ ಹೋಗುವ ಹಾಗಿರಲಿಲ್ಲ. ಒಳ್ಳೆಯ ದೀಪ ಮಾಡುವವರಿಗೆ ಒಂದು ಪರೀಕ್ಷೆ ಇರಲಿ ಅನ್ನುವುದು ಪಂದ್ಯ ಏರ್ಪಡಿಸಿದವರ ಯೋಚನೆಗಳಲ್ಲಿ ಒಂದು. ಮೊದಲ ವರ್ಷ 33 ಕಾರು ಹೊರಟವು. ಹೊರಟ ಸ್ವಲ್ಪ ಹೊತ್ತಿಗೆಲ್ಲ ಮಳೆ, ಆಣೆಕಲ್ಲು. ಕಾರುಗಳಿಗೆ ಮೇಲೆ ಮುಚ್ಚಿಗೆಯಿಲ್ಲ, ಚಾಲಕರು ನೆನೆಯುತ್ತಲೇ ಓಡಿಸಿದರು. ಲಗಾಶ್ ಮತ್ತು ಲಿಯೊನಾರ್ ಅನ್ನುವ ಇಬ್ಬರು ಶೆನಾರ್-ವಾಲ್ಕೆರ್ ಕಾರಿನಲ್ಲಿ 128 ಸುತ್ತು ಹಾಕಿ, 2,209 ಕಿಲೋಮೀಟರ್ ದಾಟಿ ಎಲ್ಲರಿಗಿಂತ ಮುಂದೆ ನಿಂತರು. ನಮ್ಮೂರಿಂದ ಹೊರಟು ದಿಲ್ಲಿಯನ್ನೂ ದಾಟಿ ಹೋಗುವಷ್ಟು ದೂರ, ಒಂದು ಹಗಲು ಒಂದು ರಾತ್ರಿಯಲ್ಲಿ.

ಆದರೆ ಆ ವರ್ಷದ ಕಥೆ ಹೇಳುವವರು ಗೆದ್ದ ಕಾರಿನ ಹೆಸರು ಹೇಳಿ ಮುಂದೆ ಹೋಗುತ್ತಾರೆ, ನಾಲ್ಕನೆಯ ಸ್ಥಾನಕ್ಕೆ ಬಂದು ನಿಲ್ಲುತ್ತಾರೆ. ಇಂಗ್ಲೆಂಡಿನಿಂದ ಒಂದೇ ಒಂದು ಬೆಂಟ್ಲಿ ಕಾರು ಬಂದಿತ್ತು. ಓಡಿಸುವವರು ಜಾನ್ ಡಫ್ ಮತ್ತು ಫ್ರಾಂಕ್ ಕ್ಲೆಮೆಂಟ್. ಅದರ ಮುಂದಿನ ಗಾಲಿಗಳಿಗೆ ಬ್ರೇಕೇ ಇರಲಿಲ್ಲ. ಓಡುತ್ತ ಓಡುತ್ತ ಕಲ್ಲು ಸಿಡಿದು ಒಂದು ದೀಪ ಒಡೆಯಿತು. ಆಮೇಲೆ ಇನ್ನೊಂದು ಕಲ್ಲು ಸಿಡಿದು ಪೆಟ್ರೋಲ್ ಟ್ಯಾಂಕಿಗೇ ತೂತು ಬಿತ್ತು. ಪೆಟ್ರೋಲೆಲ್ಲ ಸೋರಿಹೋಗಿ ಕಾರು ನಡುದಾರಿಯಲ್ಲಿ ನಿಂತಿತು. ಡಫ್ ಸುಮ್ಮನೆ ಕೂಡಲಿಲ್ಲ. ಕಾರು ಬಿಟ್ಟು ತಮ್ಮವರಿರುವ ಜಾಗದ ತನಕ ಕಿಲೋಮೀಟರುಗಟ್ಟಲೆ ಓಡಿದ. ಅಲ್ಲಿ ಕ್ಲೆಮೆಂಟ್ ಯಾರದೋ ಸೈಕಲ್ ಇಸಕೊಂಡ, ಪೆಟ್ರೋಲ್ ಡಬ್ಬಿಗಳನ್ನು ಹೆಗಲಿಗೆ ಹಾಕಿಕೊಂಡ, ಎದುರಿನಿಂದ ಕಾರುಗಳು ಬರ್ರೆಂದು ಬರುತ್ತಿದ್ದರೆ ಅವಕ್ಕೆ ಎದುರಾಗಿಯೇ ಸೈಕಲ್ ಹೊಡೆದ. ಟ್ಯಾಂಕಿನ ತೂತಿಗೆ ಬಿರಡೆ ಜಡಿದು, ಪೆಟ್ರೋಲ್ ಸುರಿದು, ಸೈಕಲ್ಲನ್ನು ಕಾರಿನ ಹಿಂದೆ ಹಾಕಿಕೊಂಡು ವಾಪಸು ಬಂದ! ಅಷ್ಟೆಲ್ಲ ಹೊತ್ತು ಕಳೆದುಕೊಂಡೂ ಅವರು ನಾಲ್ಕನೆಯವರಾದರು.

ಈ ಕಾರು ತಯಾರಿಸಿದ ಬೆಂಟ್ಲಿ ಸಾಹೇಬರಿಗೆ ಮೊದಲು ಈ ಪಂದ್ಯವೇ ಹುಚ್ಚಾಟ ಅನ್ನಿಸಿತ್ತಂತೆ. ಕಾರು ಅಷ್ಟು ಹೊತ್ತು ತಾಳುವ ವಸ್ತುವೇ ಅಲ್ಲ ಅಂತ ಅವರ ಅಭಿಪ್ರಾಯ. ನೋಡಿದ ಮೇಲೆ ಮನಸ್ಸು ತಿರುಗಿತು. ಮರುವರ್ಷ ಅದೇ ಡಫ್, ಅದೇ ಕ್ಲೆಮೆಂಟ್ ಮತ್ತೆ ಬಂದರು. ಈ ಸಲ ಮುಂದಿನ ಗಾಲಿಗೂ ಬ್ರೇಕು, ದೀಪದ ಮುಂದೆ ತಂತಿ ಬಲೆ, ಪೆಟ್ರೋಲ್ ಟ್ಯಾಂಕಿಗೆ ಕಲ್ಲು ತಾಗದ ಹಾಗೆ ಕಾಪು. 1924ರಲ್ಲಿ ಅವರೇ ಗೆದ್ದರು. ಹೋದ ವರ್ಷ ಏನೇನು ಕೆಟ್ಟಿತ್ತೋ ಅದನ್ನೆಲ್ಲ ಒಂದೊಂದಾಗಿ ಸರಿಮಾಡಿಕೊಂಡು ಬಂದಿದ್ದರು ಅಷ್ಟೇ.

ಆ ಕಾಲದ ಒಂದು ನಿಯಮ ನನಗೆ ಬಹಳ ಹಿಡಿಸುತ್ತದೆ. ದಾರಿಯಲ್ಲಿ ಕಾರು ಕೆಟ್ಟರೆ ಚಾಲಕನೇ ಇಳಿದು ಸರಿಮಾಡಬೇಕು, ಕಾರಿನಲ್ಲಿಟ್ಟುಕೊಂಡು ಬಂದ ಪಾನಾ, ಸಾಮಾನುಗಳಿಂದಲೇ. ಈಗಿನ ಪಂದ್ಯಗಳಲ್ಲಿ ಕಾರು ಬಂದು ನಿಂತರೆ ಹತ್ತಾರು ಜನ ಮುತ್ತಿಕೊಂಡು ಚಿಟಿಕೆ ಹೊಡೆಯುವುದರಲ್ಲಿ ಗಾಲಿ ಬದಲಿಸುತ್ತಾರೆ. ಅದೂ ಒಂದು ಚಂದವೇ ಸರಿ. ಆದರೆ ಆಗಿನ ಚಾಲಕನಿಗೆ ತನ್ನ ಗಾಡಿಯ ಹೊಟ್ಟೆಯೊಳಗೆ ಏನಿದೆ ಅಂತ ಗೊತ್ತಿರಲೇಬೇಕಿತ್ತು. ಎತ್ತಿನ ಕಾಲಿಗೆ ಮುಳ್ಳು ಚುಚ್ಚಿದರೆ ರೈತನೇ ನೋಡಬೇಕಲ್ಲವೇ, ಹಾಗೆ.

ಈಗ 1927ಕ್ಕೆ ಬನ್ನಿ. ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದರೂ ನನಗೇ ಬೇಸರವಾಗುವುದಿಲ್ಲ.

ಆ ವರ್ಷ ಮೂರು ಬೆಂಟ್ಲಿ ಕಾರು ಬಂದಿದ್ದವು. ಕತ್ತಲಾಗುವ ಹೊತ್ತು. ‘ಬಿಳೀ ಮನೆ’ ಅಂತ ಕರೆಯುವ ಒಂದು ತಿರುವಿನಲ್ಲಿ ಒಂದು ಕಾರು ಅಡ್ಡ ತಿರುಗಿ ನಿಂತುಬಿಟ್ಟಿತು. ಅದನ್ನು ತಪ್ಪಿಸಲು ಹೋಗಿ ಮೊದಲ ಬೆಂಟ್ಲಿ ಉರುಳಿತು. ಹಿಂದೆ ಬಂದ ಎರಡನೆಯ ಬೆಂಟ್ಲಿ ಅದಕ್ಕೇ ಬಡಿಯಿತು. ಮೂರನೆಯದನ್ನು ಓಡಿಸುತ್ತಿದ್ದವರು ಸ್ಯಾಮಿ ಡೇವಿಸ್, ಕಾರಿನ ಪತ್ರಿಕೆಯೊಂದರಲ್ಲಿ ಬರೆಯುತ್ತಿದ್ದವರು. ಅವರ ಜೊತೆಗಾರ ಬೆಂಜಾಫೀಲ್ಡ್ ವೃತ್ತಿಯಿಂದ ಡಾಕ್ಟರು. ಡೇವಿಸ್ ತಿರುವಿಗೆ ಬರುವಾಗ ರಸ್ತೆಯ ಮೇಲೆ ಚೆಲ್ಲಿದ ಮಣ್ಣು, ಕಟ್ಟಿಗೆಯ ಚೂರು ಕಣ್ಣಿಗೆ ಬಿತ್ತು. ಹಿಂದಿನ ಸುತ್ತಿನಲ್ಲಿ ಇದು ಇರಲಿಲ್ಲವಲ್ಲ! ಕೂಡಲೇ ವೇಗ ತಗ್ಗಿಸಿದರು. ಆದರೂ ಪೂರ್ತಿ ತಪ್ಪಲಿಲ್ಲ, ಕಾರು ಅಡ್ಡಡ್ಡ ಜಾರಿ ಬಡಿಯಿತು. ಆದರೆ ನುಚ್ಚುನೂರಾಗಲಿಲ್ಲ.

ಡೇವಿಸ್ ಮೊದಲು ಮಾಡಿದ್ದೇನು? ಇಳಿದು ಓಡಿ, ಉಳಿದ ಇಬ್ಬರು ಚಾಲಕರು ಬದುಕಿದ್ದಾರಾ ಅಂತ ನೋಡಿದರು. ಬದುಕಿದ್ದರು. ಆಮೇಲೆ ತಮ್ಮ ಕಾರಿನ ಕಡೆ ತಿರುಗಿದರು. ಮುಂದಿನ ಅಚ್ಚು ಬಾಗಿತ್ತು. ಒಂದು ದೀಪ ಹೋಗಿತ್ತು. ಮಡ್‌ಗಾರ್ಡ್ ಜೋತಾಡುತ್ತಿತ್ತು. ಕುಂಟುತ್ತ ಕುಂಟುತ್ತ ತಮ್ಮ ನೆಲೆಗೆ ತಂದು, ಕಟ್ಟುವುದನ್ನು ಕಟ್ಟಿ, ಬಿಗಿಯುವುದನ್ನು ಬಿಗಿದು, ಮಳೆಯ ರಾತ್ರಿಯಲ್ಲಿ ಮತ್ತೆ ಹೊರಟರು. ಮುಂದೆ ಒಂದು ಫ್ರೆಂಚ್ ಕಾರು ಆರಾಮವಾಗಿ ಓಡುತ್ತಿತ್ತು. ಇವರಿಬ್ಬರೂ ಬಿಡದೆ ಹಿಂದೆಯೇ ಇದ್ದರು. ಮಾರನೆಯ ದಿನ ಪಂದ್ಯ ಮುಗಿಯಲು ಇನ್ನು ಸ್ವಲ್ಪ ಹೊತ್ತಿದೆ ಅನ್ನುವಾಗ ಆ ಫ್ರೆಂಚ್ ಕಾರು ಕೆಟ್ಟು ನಿಂತಿತು. ಬಾಗಿದ ಅಚ್ಚಿನ ಬೆಂಟ್ಲಿ ಗೆದ್ದಿತು.

ಲಂಡನ್ನಿನ ಸಾವಾಯ್ ಹೋಟೆಲಿನಲ್ಲಿ ಆ ಗೆಲುವಿನ ಔತಣ ಇಟ್ಟರು. ಎಲ್ಲರೂ ಕೋಟು-ಬೂಟು ಹಾಕಿಕೊಂಡು ಬಂದಿದ್ದರು. ಊಟದ ನಡುವೆ, ಈ ಹೊತ್ತಿನಲ್ಲಿ ಇಲ್ಲಿರಬೇಕಾದ ಒಬ್ಬರು ಹೊರಗೇ ಉಳಿದಿದ್ದಾರೆ ಅನ್ನುವ ಅರ್ಥದ ಮಾತಾಡಿ ದೊಡ್ಡ ಬಾಗಿಲು ತೆರೆಸಿದರು. ಅಲ್ಲಿ ಆ ಕಾರು ನಿಂತಿತ್ತು! ತೊಳೆದಿರಲಿಲ್ಲ, ಬಣ್ಣ ಬಳಿದಿರಲಿಲ್ಲ. ಅದೇ ಮಣ್ಣು, ಅದೇ ನೆಗ್ಗು.

ನನ್ನ ಮಟ್ಟಿಗೆ ಆ ಹುಡುಗನ ಪ್ರಶ್ನೆಗೆ ಉತ್ತರ ಆ ಮಣ್ಣಿನಲ್ಲಿದೆ. ಕಾರು ತನ್ನ ಮೈಮೇಲೇ ತಾನು ಬಂದ ದಾರಿಯನ್ನು ಹೊತ್ತುಕೊಂಡು ಬಂದಿತ್ತು. ಎಲ್ಲಿ ಬಡಿಯಿತು, ಯಾರು ಕಟ್ಟಿದರು, ಎಲ್ಲಿ ಮಳೆ ಹೊಡೆಯಿತು ಎಲ್ಲ ಓದಿಕೊಳ್ಳಬಹುದಿತ್ತು. ಕನ್ನಡಿಯಂತೆ ಹೊಳೆಯುವ ಹಾಗೆ ಉಜ್ಜಿ ಪ್ರದರ್ಶನಕ್ಕಿಟ್ಟ ಹಳೇ ಕಾರುಗಳನ್ನು ಕಂಡರೆ ನನಗೆ ಅಷ್ಟು ಖುಷಿಯಾಗುವುದಿಲ್ಲ, ನಿಜ ಹೇಳುತ್ತೇನೆ. ಜಾತ್ರೆಯಲ್ಲಿ ತೇರಿನ ಗಾಲಿಗೆ ಮಣ್ಣು ಹತ್ತದಿದ್ದರೆ ಅದು ಎಂಥ ತೇರು?

ಹುಡುಗಿಯರೇ, ನಿಮಗೊಂದು ಹೆಸರು. 1930ರಲ್ಲಿ ಒಡೆಟ್ ಸಿಕೊ ಮತ್ತು ಮಾರ್ಗರಿಟ್ ಮಾರೂಸ್ ಅನ್ನುವ ಇಬ್ಬರು ಹೆಣ್ಣುಮಕ್ಕಳು ಸಣ್ಣದೊಂದು ಬುಗಾಟಿ ಕಾರಿನಲ್ಲಿ ಲೆ ಮಾನ್ ಪಂದ್ಯಕ್ಕೆ ಬಂದರು. ಅಲ್ಲಿ ಓಡಿಸಿದ ಮೊದಲ ಹೆಂಗಸರು ಅವರೇ. 24 ತಾಸು ಮುಗಿಸಿ ಏಳನೆಯವರಾದರು. ಸಿಕೊ 1932ರಲ್ಲಿ ಮತ್ತೆ ಬಂದು ನಾಲ್ಕನೆಯ ಸ್ಥಾನ ಪಡೆದರು. ನಮ್ಮ ಕಡೆಯ ಅಜ್ಜಿಯರಿಗೆ ಆಗ ಸೈಕಲ್ ಮುಟ್ಟಲೂ ಬಿಡುತ್ತಿರಲಿಲ್ಲ. ಈ ಅಂಕಣವನ್ನು ಓದಿ ಹೇಳುವಾಗ ಅಜ್ಜಿಯನ್ನೇ ಕೇಳಿ ನೋಡಿ.

ಈ ಪಂದ್ಯಗಳಿಂದ ನಮಗೇನು ಬಂತು ಅಂತ ಕೇಳುವವರೂ ಇರುತ್ತಾರೆ. ನಿಮ್ಮ ಅಪ್ಪ, ಕಾಕಾ ಓಡಿಸುವ ಮೋಟರ್ ಸೈಕಲ್ಲಿನ ಮುಂದಿನ ಗಾಲಿ ನೋಡಿ. ತೂತು ತೂತಾದ ಒಂದು ಉಕ್ಕಿನ ತಟ್ಟೆ ಇದ್ದರೆ ಅದೇ ಡಿಸ್ಕ್ ಬ್ರೇಕು. 1953ರಲ್ಲಿ ಲೆ ಮಾನ್ ಗೆದ್ದ ಜಾಗ್ವಾರ್ ಕಾರಿಗೆ ಅಂಥ ಬ್ರೇಕ್ ಹಾಕಿದ್ದರು. ಉಳಿದವರ ಬ್ರೇಕುಗಳು ಕಾದು ಕಾದು ಹಿಡಿತ ಬಿಡುತ್ತಿದ್ದಾಗ ಇದು ಹಿಡಿಯುತ್ತಲೇ ಇತ್ತು. ಒಂದು ಹಗಲು ರಾತ್ರಿ ಹಿಡಿದ ಬ್ರೇಕು ನಮ್ಮ ಘಾಟಿನ ಇಳಿಜಾರಿನಲ್ಲೂ ಹಿಡಿಯುತ್ತದೆ.

ಇನ್ನು ಶರ್ಯತ್ತಿನ ಜಾತಿಯ ದೊಡ್ಡ ಪಂದ್ಯ ಇಟಲಿಯದು. ಹೆಸರು ಮಿಲ್ಲೆ ಮಿಲ್ಯಾ, ಅಂದರೆ ಸಾವಿರ ಮೈಲಿ. ಬ್ರೆಶಿಯಾ ಊರಿಂದ ಹೊರಟು ರೋಮ್ ಮುಟ್ಟಿ ವಾಪಸು ಬ್ರೆಶಿಯಾಕ್ಕೆ. 1927ರಲ್ಲಿ ಶುರುವಾಯಿತು. ಹಳ್ಳಿ, ಪೇಟೆ, ಗುಡ್ಡ, ಸೇತುವೆ ಎಲ್ಲ ದಾಟುವ ಸುಮಾರು 1,600 ಕಿಲೋಮೀಟರ್ ದಾರಿ. ಕಾರುಗಳು ಒಟ್ಟಿಗೆ ಹೊರಡುವುದಿಲ್ಲ, ಒಂದರ ಹಿಂದೆ ಒಂದು. ಯುದ್ಧವಾದ ಮೇಲಿನ ಪಂದ್ಯಗಳಲ್ಲಿ ಹೊರಡುವ ಗಳಿಗೆಯನ್ನೇ ಕಾರಿನ ಮೇಲೆ ನಂಬರಾಗಿ ಬರೆಯುತ್ತಿದ್ದರು. 1955ರಲ್ಲಿ ಗೆದ್ದ ಮರ್ಸಿಡಿಸ್ ಕಾರಿನ ನಂಬರು 722. ಯಾಕೆ? ಬೆಳಿಗ್ಗೆ 7 ಗಂಟೆ 22 ನಿಮಿಷಕ್ಕೆ ಹೊರಟಿತ್ತು! ದಾರಿಬದಿ ನಿಂತ ಮಕ್ಕಳೂ ಗಡಿಯಾರ ನೋಡಿ ಯಾರು ಎಷ್ಟು ಮುಂದಿದ್ದಾರೆ ಅಂತ ಲೆಕ್ಕ ಹಾಕಬಹುದಿತ್ತು.

ಆ ಕಾರನ್ನು ಓಡಿಸಿದವರು ಸ್ಟರ್ಲಿಂಗ್ ಮಾಸ್. ಪಕ್ಕದಲ್ಲಿ ಕೂತವರು ಡೆನಿಸ್ ಜೆಂಕಿನ್ಸನ್, ಗಡ್ಡದ ಪತ್ರಕರ್ತ. ಇಬ್ಬರೂ ಮೊದಲೇ ದಾರಿಯನ್ನೆಲ್ಲ ಸುತ್ತಿ, ಎಲ್ಲಿ ತಿರುವು, ಎಲ್ಲಿ ಉಬ್ಬು, ಎಲ್ಲಿ ರೈಲುಗೇಟು ಅಂತ ಉದ್ದನೆಯ ಕಾಗದದ ಮೇಲೆ ಬರೆದುಕೊಂಡಿದ್ದರು. ಆ ಕಾಗದ ಐದು ಮೀಟರಿಗೂ ಉದ್ದ. ಅದನ್ನು ಸುರುಳಿ ಸುತ್ತಿ ಒಂದು ಡಬ್ಬಿಯಲ್ಲಿಟ್ಟು, ತಿರುಗಿಸುತ್ತ ತಿರುಗಿಸುತ್ತ ಓದಬೇಕು. ಇಂಜಿನಿನ ಸದ್ದಿಗೆ ಮಾತು ಕೇಳುವುದಿಲ್ಲ, ಅದಕ್ಕೇ ಕೈಸನ್ನೆ. ಕೈ ಹೀಗಂದರೆ ಎಡ ತಿರುವು, ಹಾಗಂದರೆ ಹೆದರದೆ ಹೊಡಿ. 10 ತಾಸು 7 ನಿಮಿಷ 48 ಸೆಕೆಂಡಿನಲ್ಲಿ ಅವರು ಸಾವಿರ ಮೈಲಿ ಮುಗಿಸಿದರು. ಆ ದಾಖಲೆಯನ್ನು ಯಾರೂ ಮುರಿಯಲಿಲ್ಲ.

ಮುರಿಯದೆ ಇರಲು ಕಾರಣ ಸಂತೋಷದ್ದಲ್ಲ. 1957ರ ಮೇ 12ರಂದು ಗುಯಿದಿಜ್ಜೊಲೊ ಅನ್ನುವ ಹಳ್ಳಿಯ ಹತ್ತಿರ ಒಂದು ಫೆರಾರಿ ಕಾರಿನ ಟೈರ್ ಒಡೆದು ಜನರ ಮೇಲೆ ನುಗ್ಗಿತು. ಕಾರಿನಲ್ಲಿದ್ದ ಇಬ್ಬರು, ದಾರಿಬದಿ ನಿಂತ ಒಂಬತ್ತು ಜನ ತೀರಿಕೊಂಡರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಎರಡು ವರ್ಷ ಮೊದಲು ಲೆ ಮಾನಿನಲ್ಲಿ ಇದಕ್ಕಿಂತ ದೊಡ್ಡ ಅನಾಹುತವಾಗಿ ಎಂಬತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ತೆರೆದ ರಸ್ತೆಯ ಮಿಲ್ಲೆ ಮಿಲ್ಯಾ ಅಲ್ಲಿಗೆ ನಿಂತಿತು. ನಿಲ್ಲಿಸಿದ್ದು ಸರಿ ಅಂತಲೇ ನಾನು ಅನ್ನುತ್ತೇನೆ. ಹಳೆಯದರ ಮೇಲೆ ಪ್ರೀತಿ ಇರಲಿ, ಆದರೆ ಆಗಿನ ಎಲ್ಲವೂ ಚೆನ್ನಾಗಿತ್ತು ಅನ್ನುವವರ ಜೊತೆ ನಾನಿಲ್ಲ. ಶರ್ಯತ್ತಿನ ದಿನ ಹಗ್ಗ ದಾಟಿ ಮುಂದೆ ಹೋಗಿ ನಿಲ್ಲುವ ನಮ್ಮ ಹುಡುಗರೂ ಇದನ್ನು ಓದಲಿ.

ಇಪ್ಪತ್ತು ವರ್ಷವಾದ ಮೇಲೆ, 1977ರಲ್ಲಿ, ಮಿಲ್ಲೆ ಮಿಲ್ಯಾ ಬೇರೆ ರೂಪದಲ್ಲಿ ಮತ್ತೆ ಹುಟ್ಟಿತು. ಈಗ ಅದು ವೇಗದ ಪಂದ್ಯವಲ್ಲ. ಗೊತ್ತು ಮಾಡಿದ ಹೊತ್ತಿಗೆ ಗೊತ್ತು ಮಾಡಿದ ಜಾಗ ಮುಟ್ಟಬೇಕು, ಬೇಗ ಬಂದರೂ ತಪ್ಪು, ತಡವಾದರೂ ತಪ್ಪು. ಎಲ್ಲ ಕಾರುಗಳಿಗೂ ಅಲ್ಲಿ ಪ್ರವೇಶವಿಲ್ಲ. 1927ರಿಂದ 1957ರ ತನಕ ಯಾವ ಯಾವ ಮಾದರಿಯ ಕಾರು ಓಡಿತ್ತೋ ಆ ಮಾದರಿಗಳಿಗೆ ಮಾತ್ರ. ಲೆ ಮಾನಿನಲ್ಲೂ 2002ರಿಂದ ಹಳೇ ಕಾರುಗಳದೇ ಒಂದು ಕೂಟ ನಡೆಯುತ್ತಿದೆ.

ಅಜ್ಜಂದಿರೇ, ಇಲ್ಲಿ ಸ್ವಲ್ಪ ಕಿವಿ ಕೊಡಿ. ಆ ಮಾದರಿಗಳ ಪಟ್ಟಿಯಲ್ಲಿ ಫೆರಾರಿ, ಮರ್ಸಿಡಿಸ್ ಅಷ್ಟೇ ಇಲ್ಲ. ಮಿಲ್ಲೆ ಮಿಲ್ಯಾದಲ್ಲಿ ಸಾಮಾನ್ಯ ಜನರ ಕಾರುಗಳೂ ಓಡುತ್ತಿದ್ದವು, ಸಣ್ಣವು ಮೊದಲು ಹೊರಡುತ್ತಿದ್ದವು. ಮುಂದಿನಿಂದ ಬಾಗಿಲು ತೆರೆಯುವ ಮೊಟ್ಟೆಯಂಥ ಇಸೆಟ್ಟಾ ಕೂಡ 1954ರಲ್ಲಿ ಓಡಿತ್ತು. ಅವುಗಳ ನಡುವೆ ಇಟಲಿಯ ಶಾಲಾ ಮಾಸ್ತರರು, ವ್ಯಾಪಾರಿಗಳು ಕೊಳ್ಳುವಂಥ ಒಂದು ಕಾರಿತ್ತು: ಫಿಯಾಟ್ 1100. ಅಲ್ಲಿಯ ಮಾತಿನಲ್ಲಿ ಮಿಲ್ಲೆಚೆಂತೊ, ಸಾವಿರದ ನೂರು.

ಅದೇ ಫಿಯಾಟ್! ಮುಂಬೈಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಕಡೆಗೂ ಬಂದ ಫಿಯಾಟ್. ಮೊದಮೊದಲ ಮಾದರಿಯ ಮುಂದಿನ ಬಾಗಿಲು ಹಿಂದುಮುಂದಾಗಿ ತೆರೆಯುತ್ತಿತ್ತು. ಅದಕ್ಕೆ ಮುಂಬೈ ಕಡೆ ‘ಡುಕ್ಕರ್ ಫಿಯಾಟ್’ ಅಂತ ಅಡ್ಡಹೆಸರು. ಮರಾಠಿಯಲ್ಲಿ ಡುಕ್ಕರ್ ಅಂದರೆ ಹಂದಿ. ಆಮೇಲೆ ರೂಪ ಬದಲಾಯಿತು, 1970ರ ದಶಕದಲ್ಲಿ ಹೆಸರೂ ಬದಲಾಗಿ ಪ್ರೀಮಿಯರ್ ಪದ್ಮಿನಿ ಆಯಿತು. 1,089 ಸಿ.ಸಿ.ಯ ಇಂಜಿನ್ ಮಾತ್ರ ಆ ವಂಶದ್ದೇ. ಗೇರು ಸ್ಟೇರಿಂಗಿನ ಪಕ್ಕದಲ್ಲೇ. ಮುಂಬೈಯಲ್ಲಿ ಅದರ ಟ್ಯಾಕ್ಸಿಗಳು 2023ರ ಅಕ್ಟೋಬರ್ ತನಕ ಓಡಿದವು.

ನಮ್ಮೂರಿನ ಬೆಲ್ಲದ ಪ್ಯಾಟಿಯ ಮುಂದೆ ಅಂಥ ಫಿಯಾಟು, ಅಂಬಾಸಿಡರು ನಿಲ್ಲುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. ಮದುವೆ ದಿಬ್ಬಣಕ್ಕೆ ಅದೇ, ಹೆರಿಗೆಗೆ ದವಾಖಾನೆಗೆ ಅದೇ, ದೂರದ ದೇವರಿಗೆ ನಡೆದುಕೊಳ್ಳಲೂ ಅದೇ. ಐದು ಜನರ ಕಾರಿನಲ್ಲಿ ಒಂಬತ್ತು ಜನ. ಬಿಸಿಲಿಗೆ ರೇಡಿಯೇಟರ್ ಕುದಿದರೆ ದಾರಿಯ ಬಾವಿಯ ಹತ್ತಿರ ನಿಲ್ಲಿಸಿ, ಬಾನೆಟ್ ಎತ್ತಿ, ತಣ್ಣಗಾಗುವ ತನಕ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುವುದು. ಫ್ಯಾನ್ ಬೆಲ್ಟ್ ಹರಿದರೆ ಏನಾದರೂ ಕಟ್ಟಿ ಮುಂದಿನ ಊರಿನ ತನಕ ತರುವುದು. ಕ್ಲೆಮೆಂಟ್ ಟ್ಯಾಂಕಿಗೆ ಬಿರಡೆ ಜಡಿದದ್ದಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ಅವನನ್ನು ನೋಡಲು ಜನ ಸೇರಿದ್ದರು, ಇಲ್ಲಿ ನೋಡಲು ಒಂದೆರಡು ಎಮ್ಮೆ ಇದ್ದವು ಅಷ್ಟೇ.

ಇಂಥ ಕಾರುಗಳನ್ನೇ ಹೂಡಿಕೊಂಡು ನಮ್ಮ ರಾಜ್ಯದಲ್ಲೂ ದೂರದ ಓಟ ನಡೆಯಿತು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1970ರ ದಶಕದಲ್ಲಿ ಕೆ-1000 ಅನ್ನುವ ರ್‍ಯಾಲಿ ಶುರುಮಾಡಿತು. ಹೆಸರಿನಲ್ಲೇ ಕರ್ನಾಟಕವಿದೆ, ಸಾವಿರವೂ ಇದೆ. ಆಗ ನಮ್ಮಲ್ಲಿ ಸಿಗುತ್ತಿದ್ದುದೇ ಅಂಬಾಸಿಡರ್, ಫಿಯಾಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ರ್‍ಯಾಲಿಗೆ ಬೇರೆ ಕಾರು ಎಲ್ಲಿಂದ ತರುವುದು? ಅವನ್ನೇ ಗಟ್ಟಿಮಾಡಿಕೊಂಡು ಓಡಿಸಿದರು.

ಅದಕ್ಕೂ ಮೊದಲು ಜಗತ್ತೇ ನಮ್ಮ ದೇಶದ ಮೇಲೆ ಹಾದುಹೋಗಿತ್ತು. 1968ರ ನವೆಂಬರ್ 24ರಂದು ಲಂಡನ್ನಿನಿಂದ 98 ಕಾರುಗಳು ಆಸ್ಟ್ರೇಲಿಯದ ಸಿಡ್ನಿಗೆ ಹೊರಟವು. ಯೂರೋಪು, ತುರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ದಿಲ್ಲಿ, ಅಲ್ಲಿಂದ ಮುಂಬೈ. 72 ಕಾರು ಮುಂಬೈ ಮುಟ್ಟಿದವು. ಅಲ್ಲಿಂದ ಅವನ್ನು ಹಡಗಿಗೆ ಹಾಕಿ ಆಸ್ಟ್ರೇಲಿಯಕ್ಕೆ ಸಾಗಿಸಿದರು. ಆ ಖಂಡವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಬೇಕು. ಇನ್ನೇನು ಸಿಡ್ನಿ ಬಂತು ಅನ್ನುವಾಗ ಎಲ್ಲರಿಗಿಂತ ಮುಂದಿದ್ದ ಲೂಸಿಯನ್ ಬಿಯಾಂಕಿಯ ಸಿಟ್ರೊಯೆನ್ ಕಾರಿಗೆ ಎದುರಿನಿಂದ ಬಂದ ಬೇರೊಂದು ಕಾರು ಡಿಕ್ಕಿ ಹೊಡೆಯಿತು. ಬಿಯಾಂಕಿ ಒಳಗೆ ಸಿಕ್ಕಿಕೊಂಡ. ಹಿಂದೆಯೇ ಬರುತ್ತಿದ್ದವನು ಪ್ಯಾಡಿ ಹಾಪ್‌ಕಿರ್ಕ್. ಅವನಿಗೂ ಗೆಲ್ಲುವ ಅವಕಾಶವಿತ್ತು. ಆದರೆ ಅವನೂ ಅವನ ಜೊತೆಗಾರರೂ ಗಾಡಿ ನಿಲ್ಲಿಸಿ ಬಿಯಾಂಕಿಯವರ ನೆರವಿಗೆ ನಿಂತರು. ಗೆದ್ದದ್ದು ಆಂಡ್ರೂ ಕೊವನ್, ಹಿಲ್‌ಮನ್ ಹಂಟರ್ ಅನ್ನುವ ಸಾದಾ ಮನೆಮಂದಿಯ ಕಾರಿನಲ್ಲಿ. ಹಾಪ್‌ಕಿರ್ಕ್ ಎರಡನೆಯವನಾದ. 56 ಕಾರು ಸಿಡ್ನಿ ಮುಟ್ಟಿದವು. ಆ ಹಿಲ್‌ಮನ್ ಕಾರಿನಲ್ಲಿ ಬೆರಗು ಹುಟ್ಟಿಸುವ ವೇಗ ಇರಲಿಲ್ಲ. ದಿನವೂ ಕೆಡದೆ ಓಡಿತು, ಅದೇ ಅದರ ದೊಡ್ಡ ಗುಣ.

ಹಳೇ ಕಾರು ಅನ್ನುವುದು ಹಣವಂತರ ಆಟ ಅಂತ ಯಾರಾದರೂ ಅಂದರೆ ಅದರಲ್ಲಿ ಸುಳ್ಳಿಲ್ಲ. ಆ ಬೆಂಟ್ಲಿಗಳಿಗೆ ಈಗ ಕೋಟಿಗಟ್ಟಲೆ ಬೆಲೆ. ನಮ್ಮಂಥವರು ನೋಡಬೇಕಾದರೆ ಧರ್ಮಸ್ಥಳಕ್ಕೆ ಹೋದಾಗ ಅಲ್ಲಿಯ ಮಂಜೂಷಾ ಕಾರು ಸಂಗ್ರಹಾಲಯಕ್ಕೆ ತಪ್ಪದೆ ಹೋಗಿ. ಶಾಲೆಯ ಪ್ರವಾಸದಲ್ಲಿ ಹೋದ ಮಕ್ಕಳಿಗೆ ಗೊತ್ತಿದೆ. ಮೈಸೂರಿನ ದಾರಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಅಂತ ಇನ್ನೊಂದು ಇದೆ. ಹೋದಾಗ ಬಣ್ಣವನ್ನಷ್ಟೇ ನೋಡಬೇಡಿ. ಬಗ್ಗಿ ಗಾಲಿಯ ಹಿಂದೆ ಬ್ರೇಕ್ ಇದೆಯಾ ನೋಡಿ, ದೀಪ ಎಷ್ಟು ದೊಡ್ಡದಿದೆ ನೋಡಿ, ಸ್ಟೆಪ್ನಿ ಎಲ್ಲಿ ಕಟ್ಟಿದ್ದಾರೆ ನೋಡಿ. ದಾರಿ ಎಂಥದಿತ್ತು ಅಂತ ಅದರಿಂದಲೇ ತಿಳಿಯುತ್ತದೆ.

ದಿನಾ ಓಡಾಡಲು ನನಗೂ ಹೊಸ ಕಾರೇ ಬೇಕು. ಸೀಟ್ ಬೆಲ್ಟು, ಏರ್‌ಬ್ಯಾಗು, ಹಿಡಿದರೆ ನಿಲ್ಲುವ ಬ್ರೇಕು ಬೇಕು. ಆದರೆ ಈಗಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ. ಏನು ಕೆಟ್ಟಿದೆ ಅಂತ ಕಂಪ್ಯೂಟರ್ ಹಚ್ಚಿಯೇ ಕೇಳಬೇಕು. ಫಿಯಾಟಿನ ಬಾನೆಟ್ ಎತ್ತಿದರೆ ಕಾರ್ಬೊರೇಟರ್ ಇಲ್ಲಿ, ಪ್ಲಗ್ ಇಲ್ಲಿ, ಡೈನಮೋ ಅಲ್ಲಿ. ಆರನೆಯ ಇಯತ್ತೆಯ ಮಗುವಿಗೂ ಬೆರಳಿಟ್ಟು ತೋರಿಸಬಹುದು. ಸದ್ದು ಕೇಳಿಯೇ ಯಾವ ಟ್ಯಾಪೆಟ್ ಸಡಿಲವಾಗಿದೆ ಅಂತ ಹೇಳುವ ಮಿಸ್ತ್ರಿಗಳು ನಮ್ಮ ಊರುಗಳಲ್ಲಿದ್ದರು. ಕೆಲವರು ಇನ್ನೂ ಇದ್ದಾರೆ, ವಯಸ್ಸಾಗಿದೆ. ಅವರ ಕಿವಿಯಲ್ಲಿರುವುದು ಯಾವ ಪುಸ್ತಕದಲ್ಲೂ ಇಲ್ಲ. ಕಾರು ಗುಜರಿಗೆ ಹೋದರೆ ಕಬ್ಬಿಣದ ತೂಕಕ್ಕೆ ಒಂದಿಷ್ಟು ದುಡ್ಡಾದರೂ ಬರುತ್ತದೆ. ಆ ಕಿವಿಯ ವಿದ್ಯೆ ಹೋದರೆ ಏನೂ ಬರುವುದಿಲ್ಲ.

ಅದಕ್ಕೇ ಒಂದು ಕೆಲಸದ ಮಾತು. ಹೊಲದ ಮನೆಯಲ್ಲೋ, ಕಣದ ಪಕ್ಕದ ತಗಡಿನ ಶೆಡ್ಡಿನಲ್ಲೋ, ಕೋಳಿ ಕೂಡುವ ಹಳೇ ಕಾರು ನಿಮ್ಮವರದು ಯಾರದಾದರೂ ಇದ್ದರೆ ಮಾರುವ ಮೊದಲು ನಿಲ್ಲಿ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹಳೇ ಗಾಡಿಗಳಿಗೆ ಬೇರೆಯೇ ನಿಯಮ ಮಾಡಿದೆ. ಐವತ್ತು ವರ್ಷ ದಾಟಿದ, ಮೂಲ ರೂಪ ಬಹಳ ಕೆಡದ ಮೋಟರ್ ಸೈಕಲ್ಲನ್ನೂ ಕಾರನ್ನೂ ‘ವಿಂಟೇಜ್’ ಅಂತ ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ವಿ.ಎ. ಅನ್ನುವ ಅಕ್ಷರ ಬರುತ್ತದೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷಕ್ಕೆ ಸಾಲುತ್ತದೆ. ಆಮೇಲೆ ಮುಂದುವರಿಸಲು 5,000. ದಿನದ ಓಡಾಟಕ್ಕೆ, ಬಾಡಿಗೆಗೆ ಬಳಸುವ ಹಾಗಿಲ್ಲ. ಪ್ರದರ್ಶನಕ್ಕೆ, ಹಳೇ ಕಾರುಗಳ ರ್‍ಯಾಲಿಗೆ, ರಿಪೇರಿಗೆ ಒಯ್ಯಬಹುದು. ದುಡ್ಡು ಸಣ್ಣದಲ್ಲ, ಎಲ್ಲರಿಗೂ ಆಗುವುದಿಲ್ಲ. ಆಗದಿದ್ದರೂ ಗುಜರಿಯವನ ತಕ್ಕಡಿ ಬರುವ ಮೊದಲು ಒಂದು ಭಾನುವಾರ ಅಜ್ಜನನ್ನು ಆ ಕಾರಿನ ಹತ್ತಿರ ಕರೆದುಕೊಂಡು ಹೋಗಿ. ಮೊಬೈಲಿನಲ್ಲಿ ಧ್ವನಿ ಮುದ್ರಿಸುತ್ತ ಕೇಳಿ: ಇದರಲ್ಲಿ ಎಲ್ಲಿಯ ತನಕ ಹೋಗಿದ್ದಿರಿ, ಎಲ್ಲಿ ಕೆಟ್ಟು ನಿಂತಿತ್ತು, ಯಾರು ಸರಿಮಾಡಿದರು, ಈ ಬಾಗಿಲಿನ ನೆಗ್ಗು ಯಾವಾಗಿನದು? ಅಜ್ಜಿಯನ್ನೂ ಬಿಡಬೇಡಿ, ಹಿಂದಿನ ಸೀಟಿನಲ್ಲಿ ಕೂತವರಿಗೆ ಬೇರೆಯೇ ಕಥೆ ಗೊತ್ತಿರುತ್ತದೆ. ಕಾರಿನ ಕಾಗದಪತ್ರ ಟ್ರಂಕಿನ ತಳದಲ್ಲಿ ಎಲ್ಲಾದರೂ ಇದ್ದೀತು. ಸಿಕ್ಕರೆ ಮೊದಲು ಇಸವಿ ನೋಡಿ.